ವೃಷಭಾವತಿಯ ಇಂದಿನ ಉಗಮಸ್ಥಾನ

ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ವೃಷಭಾವತಿ ಹುಟ್ಟುತ್ತಾಳೆ ಎಂಬುದು ಬೆಂಗಳೂರಿಗರ ಹಳೆಯ ನಂಬಿಕೆ. ಆದರೆ ಬೇಸಿಗೆಯಲ್ಲಿ ಮೈಸೂರು ರಸ್ತೆಯ ಪಕ್ಕದಲ್ಲೇ ಕೆಂಗೇರಿಯ ಕಡೆಗೆ ಕಪ್ಪಾಗಿ ಹರಿಯುವ ನೀರಿನ ಮೂಲ ಹುಡುಕುತ್ತಾ ಹೋದರೆ ನಾವು ತಲುಪುವುದು ನಮ್ಮ ನಮ್ಮ ಮನೆಗಳ ಬಚ್ಚಲಿಗೆ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದ ಕಾವೇರಿ ನೀರು ಮತ್ತು ಕೊಳವೆಬಾವಿಗಳ ನೀರು ಬಳಕೆಯಾದ ಮೇಲೆ, ಅದರಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಮಳೆಯಿಲ್ಲದ ತಿಂಗಳುಗಳಲ್ಲಿ ನದಿಯ ಹರಿವೆಲ್ಲ ಬಹುಮಟ್ಟಿಗೆ ಇದೇ ಆಗಿರುವುದರಿಂದ, ಶುದ್ಧೀಕರಣ ಘಟಕದಿಂದ ಹೊರಬೀಳುವ ನೀರು ಹೇಗಿರುತ್ತದೆಯೋ ವೃಷಭಾವತಿಯೂ ಹಾಗೆಯೇ ಇರುತ್ತಾಳೆ.

ಕೊಳಚೆ ಸೇರಿದ ನದಿ ಸಾಯುವುದು ಉಸಿರುಕಟ್ಟಿ. ಮಲ, ಅನ್ನದ ಅಗುಳು, ಎಣ್ಣೆಜಿಡ್ಡು ಇವನ್ನೆಲ್ಲ ಬ್ಯಾಕ್ಟೀರಿಯಾಗಳು ತಿಂದು ಅರಗಿಸಿಕೊಳ್ಳುತ್ತವೆ. ಅದಕ್ಕೆ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸುತ್ತವೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನ ಹವೆಯಲ್ಲಿ ಒಂದು ಲೀಟರ್ ತಿಳಿನೀರು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಏಳೆಂಟು ಮಿಲಿಗ್ರಾಂ ಮಾತ್ರ. ಒಂದು ಲೀಟರ್ ಕೊಳಚೆ ಕೇಳುವುದಾದರೋ 200ರಿಂದ 300 ಮಿಲಿಗ್ರಾಂ. ಬಿಒಡಿ, ಅಂದರೆ ಜೈವಿಕ ಆಮ್ಲಜನಕ ಬೇಡಿಕೆ ಎಂದು ಅಳೆಯುವುದು ಇದನ್ನೇ. ಲೀಟರ್ ಕೊಳಚೆಯೊಂದು ಸುಮಾರು 30 ಲೀಟರ್ ತಿಳಿನೀರಿನ ಉಸಿರನ್ನು ಕಸಿದುಕೊಳ್ಳಬಲ್ಲದು ಎಂದಾಯಿತು. ದೊಡ್ಡ ಹೊಳೆಯ ದಂಡೆಯ ಪಟ್ಟಣಕ್ಕೆ ಅಷ್ಟು ನೀರಿನ ಆಸರೆ ಇದ್ದೀತು. ದಿಣ್ಣೆಯ ನೆತ್ತಿಯಲ್ಲಿ ಕುಳಿತ ಬೆಂಗಳೂರಿಗೆ ಇಲ್ಲ. ಆಮ್ಲಜನಕ ಮುಗಿದ ಮೇಲೆ ಅದರ ಹಂಗಿಲ್ಲದೆ ಬದುಕುವ ಬೇರೆ ಬ್ಯಾಕ್ಟೀರಿಯಾಗಳು ಕೆಲಸ ಹಿಡಿಯುತ್ತವೆ; ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಮತ್ತು ನೀರಿನ ಕಪ್ಪು ಬಣ್ಣ ಅವುಗಳದೇ ಫಲ.

ನದಿ ಹತ್ತಾರು ಕಿಲೋಮೀಟರ್ ಹರಿದು ಮಾಡಬೇಕಾದ ಕೆಲಸವನ್ನು ಘಟಕ ಕೆಲವೇ ಗಂಟೆಗಳಲ್ಲಿ ಮಾಡಿಸುತ್ತದೆ. ಜಾಲರಿಗಳು ಪ್ಲಾಸ್ಟಿಕ್, ಬಟ್ಟೆಚೂರುಗಳನ್ನು ತಡೆದು, ಮರಳು ತಳಕ್ಕಿಳಿದ ಮೇಲೆ, ಬ್ಲೋವರ್‌ಗಳು ಬಿಡುವಿಲ್ಲದೆ ಗಾಳಿ ಊದುವ ತೊಟ್ಟಿಗೆ ಕೊಳಚೆ ಬರುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಕಂದು ಬಣ್ಣದ ಕೆಸರಿನ ಕಣಗಳಾಗಿ ಕೂಡಿಕೊಂಡು ಕೊಳೆಯನ್ನು ತಿನ್ನುತ್ತವೆ. ಮುಂದಿನ ತೊಟ್ಟಿಯಲ್ಲಿ ಕೆಸರು ತಳ ಸೇರುತ್ತದೆ, ತಿಳಿನೀರು ಅಂಚಿನಿಂದ ಹೊರಹರಿಯುತ್ತದೆ. ತಳದ ಕೆಸರಿನ ಬಹುಪಾಲನ್ನು, ಮೊಸರಿಗೆ ಹೆಪ್ಪು ಎತ್ತಿಡುವ ಹಾಗೆ, ಮತ್ತೆ ಗಾಳಿತೊಟ್ಟಿಗೆ ಕಳಿಸುತ್ತಾರೆ. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಲೋಕಕ್ಕೆ ತಿಳಿಸಿದ ವಿಧಾನವಿದು. ಅವರ ಪ್ರಯೋಗಗಳಿಗೆ ಪ್ರೇರಣೆಯಾದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಇಷ್ಟು ಹಿಂದೆಯೇ ಈ ವಿದ್ಯೆ ಬಲ್ಲವರಿದ್ದ ಊರಿನಲ್ಲಿ ನದಿಗೆ ಈ ಗತಿ ಬಂತಲ್ಲ ಎಂದು ಮನಸ್ಸು ನೋಯುತ್ತದೆ.

ಘಟಕದ ಆರೋಗ್ಯ ನೋಡಲು ಒಂದು ಲೀಟರ್ ಅಳತೆಯ ಗಾಜಿನ ಸಿಲಿಂಡರ್ ಸಾಕು. ಗಾಳಿತೊಟ್ಟಿಯ ನೀರನ್ನು ಅದರಲ್ಲಿ ತುಂಬಿ 30 ನಿಮಿಷ ಅಲುಗಾಡಿಸದೆ ಇಟ್ಟರೆ, ಒಳ್ಳೆಯ ಕೆಸರು ಒಂದಕ್ಕೊಂದು ಅಂಟಿಕೊಂಡು ಒಟ್ಟಾಗಿ ಕೆಳಗಿಳಿಯುತ್ತದೆ, ಮೇಲೆ ತಿಳಿನೀರಿನ ಗೆರೆ ನಿಚ್ಚಳವಾಗಿ ಕಾಣುತ್ತದೆ; ಎಳೆಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾಗಳು ಹೆಚ್ಚಿದ್ದರೆ ಕೆಸರು ಉಬ್ಬಿಕೊಂಡು ಇಳಿಯಲು ಒಲ್ಲೆನ್ನುತ್ತದೆ. ಗಾಳಿತೊಟ್ಟಿಯ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಸಪೂರ ತೊಟ್ಟಿನ ತುದಿಯಲ್ಲಿ ಗಂಟೆಯಾಕಾರದ ವರ್ಟಿಸೆಲ್ಲಾ ಕಾಣಿಸೀತು. ಬಾಯಂಚಿನ ರೋಮಗಳನ್ನು ಬಡಿಯುತ್ತಾ ಬಿಡಿ ಬ್ಯಾಕ್ಟೀರಿಯಾಗಳನ್ನು ಒಳಗೆಳೆದುಕೊಳ್ಳುವ ಈ ಜೀವಿ, ಚೂರು ಕದಲಿದರೂ ತೊಟ್ಟನ್ನು ಸುರುಳಿ ಸುತ್ತಿಕೊಂಡು ಕುಗ್ಗುತ್ತದೆ. ಇದು ಹೇರಳವಾಗಿದ್ದರೆ ಘಟಕ ಚೆನ್ನಾಗಿ ನಡೆಯುತ್ತಿದೆ ಎಂದರ್ಥ. ಬ್ಲೋವರ್‌ಗಳು ಗಂಟೆಗಟ್ಟಲೆ ನಿಂತರೆ ಇಡೀ ಜೀವಸಮುದಾಯ ಕಂಗೆಡುತ್ತದೆ. ಕರೆಂಟ್ ಬಂದ ಕೂಡಲೇ ಅದು ಮೊದಲಿನಂತಾಗುವುದಿಲ್ಲ.

ಬಿಒಡಿ ಇಳಿದರೂ ಸಾರಜನಕ, ರಂಜಕಗಳು ನೀರಿನಲ್ಲಿ ಉಳಿದರೆ ಕೆರೆಗಳಲ್ಲಿ ಜಲಕಳೆ ಹಬ್ಬುತ್ತದೆ. ಅವನ್ನು ತೆಗೆಯಲು ಬೇರೆ ಏರ್ಪಾಡು ಬೇಕು. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಕಳಿಸುವ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವುದು ಎರಡನೆಯ ಹಂತದ, ಅಂದರೆ ಬ್ಯಾಕ್ಟೀರಿಯಾಗಳು ಕೊಳೆ ತಿನ್ನುವವರೆಗಿನ, ಶುದ್ಧೀಕರಣ ಮುಗಿದ ನೀರು. ಉಳಿದದ್ದನ್ನೂ ತೆಗೆಯುವ ಮೂರನೆಯ ಹಂತವೂ ಆಗಲಿ ಎಂಬ ಅಲ್ಲಿನವರ ಬೇಡಿಕೆ ನ್ಯಾಯವಾದದ್ದು.

ಇನ್ನೊಂದು ತೊಡಕು ಘಟಕದ ಗೋಡೆಯಾಚೆಯದು. ಒಳಚರಂಡಿಯ ಪೈಪಿಗೆ ಸೇರದೆ ರಾಜಕಾಲುವೆಗೆ ಇಳಿಯುವ ಕೊಳಚೆಯನ್ನು ಯಾವ ಘಟಕವೂ ಶುದ್ಧೀಕರಿಸಲಾರದು. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಿಂದ ಬರುವ ಸೀಸ, ಕ್ರೋಮಿಯಂ, ನಿಕ್ಕಲ್‌ಗಳನ್ನು ಬ್ಯಾಕ್ಟೀರಿಯಾಗಳು ತಿಂದು ಮುಗಿಸುವಂತಿಲ್ಲ. ಅವು ಕೆಸರಿನಲ್ಲಿ ಶೇಖರವಾಗುತ್ತವೆ, ಇಲ್ಲವೇ ಕೆಳಗೆ ಹರಿಯುತ್ತವೆ. ಕೆಳಗಿರುವುದು ಬಿಡದಿ ಬಳಿಯ ಬೈರಮಂಗಲ ಕೆರೆ. ಅದರ ಅಚ್ಚುಕಟ್ಟಿನ ರೈತರು ಈ ನೀರಿನಲ್ಲೇ ಬೆಳೆ ತೆಗೆಯುತ್ತಾರೆ, ದನಗಳಿಗೆ ಹಸಿ ಮೇವು ಬೆಳೆಯುತ್ತಾರೆ, ಹಾಲು ಮತ್ತೆ ಪೇಟೆಗೆ ಬರುತ್ತದೆ. ಲೋಹ ಬೆರೆತ ನೀರನ್ನು ಕಾರ್ಖಾನೆಯ ಆವರಣದಲ್ಲೇ ಬೇರ್ಪಡಿಸುವುದು, ಪ್ರತಿ ಬೀದಿಯ ಬಚ್ಚಲನ್ನೂ ಒಳಚರಂಡಿಗೆ ಜೋಡಿಸುವುದು, ಇವೆರಡೂ ಆಗದಿದ್ದರೆ ಹೊಸ ಘಟಕಗಳಿಗೆ ಎಷ್ಟು ಹಣ ಸುರಿದರೂ ಬೈರಮಂಗಲಕ್ಕೆ ಇಳಿಯುವ ನೀರು ತಿಳಿಯಾಗುವುದಿಲ್ಲ.