ಟಿ.ಬಿ. ಸ್ಕ್ರೀನಿಂಗ್: ಕೆಮ್ಮಿನ ಜೊತೆ ತೂಕವನ್ನೂ ಕೇಳಬೇಕು

ಸ್ಕ್ರೀನಿಂಗ್ ಅಂದರೆ ರೋಗ ಇದೆ ಎಂದು ತೀರ್ಮಾನ ಮಾಡುವುದಲ್ಲ. ಆರೋಗ್ಯವಾಗಿಯೇ ಕಾಣುವ ಜನರ ನಡುವೆ ಯಾರಿಗೆ ಮುಂದಿನ ಪರೀಕ್ಷೆ ಬೇಕು ಎಂದು ಹುಡುಕುವುದು. ಸಂಶಯ ಬಂದರೆ ಕಫ ಪರೀಕ್ಷೆಗೆ ಕಳಿಸುತ್ತಾರೆ. ಟ್ರೂನ್ಯಾಟ್, ಸಿಬಿನ್ಯಾಟ್‌ನಂಥ ಯಂತ್ರದಲ್ಲಿ ಟಿ.ಬಿ. ಬ್ಯಾಕ್ಟೀರಿಯಾ ಸಿಕ್ಕರೆ ಆಗ ರೋಗ ಖಚಿತ. ಮನೆಯಲ್ಲಿ ಒಬ್ಬರಿಗೆ ಟಿ.ಬಿ. ಬಂದಿದೆ ಎಂದರೆ ಜೊತೆಗಿರುವ ಎಲ್ಲರನ್ನೂ ಹೀಗೆ ತಪಾಸಣೆ ಮಾಡಲೇಬೇಕು.

ಹಳ್ಳಿಯಲ್ಲಿ ಇದು ಸಾಮಾನ್ಯವಾಗಿ ಆಶಾ ಕಾರ್ಯಕರ್ತೆಯ ನಾಲ್ಕು ಪ್ರಶ್ನೆಗಳಿಂದ ಶುರುವಾಗುತ್ತದೆ. ಎರಡು ವಾರದಿಂದ ಕೆಮ್ಮು ಇದೆಯಾ? ಜ್ವರ ಬರ್ತಿದೆಯಾ? ರಾತ್ರಿ ಬೆವರುತ್ತಾ? ತೂಕ ಇಳಿದಿದೆಯಾ? ಕೆಮ್ಮನ್ನು ಜನ ಬೀಡಿಯ ಮೇಲೋ ಒಲೆ ಹೊಗೆಯ ಮೇಲೋ ಹಾಕಿಬಿಡುತ್ತಾರೆ. ಆದರೂ ಕೆದಕಿ ಕೇಳಿದರೆ ಉತ್ತರ ಸಿಗುತ್ತದೆ.

ಕಷ್ಟ ಇರುವುದು ನಾಲ್ಕನೆಯ ಪ್ರಶ್ನೆಯಲ್ಲಿ. ಮನೆಯಲ್ಲಿ ತೂಕದ ಯಂತ್ರವೇ ಇಲ್ಲದಿದ್ದರೆ ಹೋದ ವರ್ಷ ಎಷ್ಟಿದ್ದೆ ಎಂದು ಯಾರಿಗೆ ಗೊತ್ತು? ರವಿಕೆ ದೊಗಲೆ ಆಗಿದೆಯಾ, ಬಳೆ ಜಾರುತ್ತಿದೆಯಾ ಎಂದು ಕೇಳಿದರೆ ಸ್ವಲ್ಪ ಅಂದಾಜು ಸಿಗಬಹುದು. ಆದರೆ ಮದುವೆಯಾದಾಗಿನಿಂದಲೂ 38 ಕೆ.ಜಿ.ಯಲ್ಲೇ ಇರುವ ಹೆಂಗಸನ್ನು ನೆನೆಸಿಕೊಳ್ಳಿ. 'ಇಲ್ಲಮ್ಮ, ನಾನು ಇರೋದೇ ಹೀಗೆ' ಅನ್ನುತ್ತಾಳೆ. ಅದು ನಿಜವೇ. ಫಾರಂನಲ್ಲಿ 'ತೂಕ ಇಳಿದಿಲ್ಲ' ಎಂದು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಅವಳ ಎತ್ತರ 150 ಸೆಂ.ಮೀ. ಇದ್ದರೆ ಬಿಎಂಐ 17 ಕೂಡ ದಾಟುವುದಿಲ್ಲ. ಬಿಎಂಐ ಅಂದರೆ ಕೆ.ಜಿ. ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ. ದೊಡ್ಡವರಲ್ಲಿ ಅದು 18.5ಕ್ಕಿಂತ ಕಡಿಮೆ ಇದ್ದರೆ ಅಪೌಷ್ಟಿಕತೆ, 16ಕ್ಕಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಈ ಹೆಂಗಸಿಗೆ ಕನಿಷ್ಠ 41.6 ಕೆ.ಜಿ. ತೂಕ ಇರಬೇಕಿತ್ತು.

ಇದಕ್ಕೂ ಟಿ.ಬಿ.ಗೂ ಏನು ಸಂಬಂಧ? ಬ್ಯಾಕ್ಟೀರಿಯಾ ಮೈಗೆ ಹೊಕ್ಕ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ. ಜಗತ್ತಿನ ಸುಮಾರು ಕಾಲು ಭಾಗ ಜನರಿಗೆ ಈ ಸೋಂಕು ತಗುಲಿದೆ. ಅವರಲ್ಲಿ ನೂರಕ್ಕೆ 5ರಿಂದ 10 ಜನರಿಗಷ್ಟೇ ಜೀವಮಾನದಲ್ಲಿ ಯಾವಾಗಲಾದರೂ ಕಾಯಿಲೆ ಬರುತ್ತದೆ. ಉಳಿದವರಲ್ಲಿ ರೋಗನಿರೋಧಕ ಶಕ್ತಿ ಅದನ್ನು ಅದುಮಿ ಇಟ್ಟಿರುತ್ತದೆ. ಹೊಟ್ಟೆಗೆ ಸಾಕಷ್ಟು ಇಲ್ಲದಾಗ ಕುಂದುವುದು ಈ ಶಕ್ತಿಯೇ. ಬಿಎಂಐ ಒಂದೊಂದು ಅಂಕ ಇಳಿದ ಹಾಗೂ ಟಿ.ಬಿ. ಬರುವ ಸಾಧ್ಯತೆ ಸುಮಾರು ಶೇ. 14ರಷ್ಟು ಏರುತ್ತದೆ. ಕಾಯಿಲೆ ಬಂದ ಮೇಲೆ ಹಸಿವೇ ಆಗುವುದಿಲ್ಲ, ತೂಕ ಇನ್ನೂ ಇಳಿಯುತ್ತದೆ. ದುಡಿಯುವವರೇ ಮಲಗಿದರೆ ಕೂಲಿಯೂ ನಿಲ್ಲುತ್ತದೆ, ಉಳಿದವರ ಊಟಕ್ಕೂ ಕತ್ತರಿ ಬೀಳುತ್ತದೆ.

ಊಟ ಕೊಟ್ಟರೆ ಈ ಸುತ್ತು ಮುರಿಯುತ್ತದಾ? ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ನಡೆದ 'ರೇಷನ್ಸ್' ಅಧ್ಯಯನ ಇದನ್ನೇ ಪರೀಕ್ಷಿಸಿತು. ನೇತೃತ್ವ ವಹಿಸಿದವರಲ್ಲಿ ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಮುಖ್ಯರು. 2,800 ರೋಗಿಗಳ ಮನೆಗಳ 10,345 ಜನರನ್ನು ಗಮನಿಸಿದರು. ರೋಗಿಗಳಿಗೆ ಎಲ್ಲ ಕಡೆಯೂ ಆಹಾರ ಕೊಟ್ಟರು. ಮನೆಮಂದಿಗೆ ಮಾತ್ರ ಒಂದು ಗುಂಪಿನಲ್ಲಿ ಅಕ್ಕಿ, ಬೇಳೆಕಾಳು ಮತ್ತು ವಿಟಮಿನ್ ಮಾತ್ರೆ ಕೊಟ್ಟರು, ಇನ್ನೊಂದು ಗುಂಪಿನಲ್ಲಿ ಕೊಡಲಿಲ್ಲ. 2023ರಲ್ಲಿ ಫಲಿತಾಂಶ ಬಂತು. ಆಹಾರ ಸಿಕ್ಕ ಮನೆಮಂದಿಯಲ್ಲಿ ಹೊಸದಾಗಿ ಟಿ.ಬಿ. ಬರುವುದು ಶೇ. 39ರಷ್ಟು ಕಡಿಮೆ. ಅಕ್ಕಿ, ಬೇಳೆ ಒಂದು ಲಸಿಕೆಯ ಕೆಲಸ ಮಾಡಿದ ಹಾಗಾಯಿತು ಅಲ್ವಾ? ನನಗಂತೂ ಇತ್ತೀಚಿನ ವರ್ಷಗಳಲ್ಲಿ ಟಿ.ಬಿ. ಬಗ್ಗೆ ಬಂದ ಅತ್ಯಂತ ಆಶಾದಾಯಕ ಸುದ್ದಿ ಇದೇ.

ಲಕ್ಷಣ ಕೇಳುವ ಪದ್ಧತಿಗೆ ಇನ್ನೊಂದು ಮಿತಿಯೂ ಇದೆ. 2019–21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಎದೆಯ ಎಕ್ಸ್‌ರೇ ತೆಗೆಯದೆ ಬರೀ ಪ್ರಶ್ನೆಗಳನ್ನೇ ನಂಬಿದ್ದರೆ ಶೇ. 42.6 ರೋಗಿಗಳು ಕೈತಪ್ಪಿ ಹೋಗುತ್ತಿದ್ದರು. ಕೈಯಲ್ಲೇ ಒಯ್ಯಬಹುದಾದ ಎಕ್ಸ್‌ರೇ ಯಂತ್ರ ಈಗ ಹಳ್ಳಿಗಳಿಗೂ ಬರುತ್ತಿರುವುದು ಅದಕ್ಕೇ.

ಚಿಕ್ಕ ಮಕ್ಕಳ ಕಥೆ ಬೇರೆ. ಅವರಿಗೆ ಕಫ ಉಗುಳಲು ಬರುವುದಿಲ್ಲ. ತೂಕ ಏರದೆ ನಿಂತುಬಿಡುವುದೇ ಅವರಲ್ಲಿ ದೊಡ್ಡ ಸುಳಿವು. ಅಂಗನವಾಡಿಯಲ್ಲಿ ತುಂಬುವ ಬೆಳವಣಿಗೆ ಚಾರ್ಟ್‌ನಲ್ಲಿ ಗೆರೆ ಮಲಗಿದ್ದರೆ, ಆ ಮನೆಯಲ್ಲಿ ಯಾರಾದರೂ ಕೆಮ್ಮುತ್ತಿದ್ದಾರಾ ಎಂದು ಕೂಡಲೇ ಕೇಳಬೇಕು.

ರೋಗ ಖಚಿತವಾದವರಿಗೆ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ಮುಗಿಯುವವರೆಗೆ ತಿಂಗಳಿಗೆ 1,000 ರೂಪಾಯಿ ಸಿಗುತ್ತದೆ. 2018ರಲ್ಲಿ ಶುರುವಾದಾಗ ಅದು 500 ಇತ್ತು. ಹಣ ರೋಗಿಯ ಖಾತೆಗೆ ಬಂದರೂ ಅನ್ನ ಬೇಯುವುದು ಎಲ್ಲರಿಗೂ ಒಂದೇ ಪಾತ್ರೆಯಲ್ಲಿ. ಹಾಗಾಗಿ ಅದು ಒಬ್ಬರ ಪಾಲಿಗೇ ಉಳಿಯುತ್ತದೆ ಎಂದು ಲೆಕ್ಕ ಹಾಕುವುದು ಸರಿಯಲ್ಲ.

ಟಿ.ಬಿ. ಇಲ್ಲ ಎಂದು ಗೊತ್ತಾದ ಮನೆಮಂದಿಗೆ ತಡೆ ಚಿಕಿತ್ಸೆ ಇದೆ. ದಿನಕ್ಕೊಂದು ಸಲದ ಹಾಗೆ ಆರು ತಿಂಗಳು, ಇಲ್ಲವೇ ವಾರಕ್ಕೊಂದು ಸಲದ ಹಾಗೆ 12 ವಾರ ಮಾತ್ರೆ ತೆಗೆದುಕೊಳ್ಳಬೇಕು. ಆದರೆ ಆ 38 ಕೆ.ಜಿ.ಯ ಹೆಂಗಸಿನ ಕಫ ನೆಗೆಟಿವ್ ಬಂತು ಎಂದು ಸುಮ್ನೆ ಫೈಲು ಮುಚ್ಚಬಾರದು. ಅವಳ ತೂಕ, ಎತ್ತರ ಎರಡನ್ನೂ ಬರೆದಿಡಬೇಕು. ಮನೆಯ ರೇಷನ್ ಕಾರ್ಡಿನಲ್ಲಿ ಅವಳ ಹೆಸರು ಇದೆಯಾ ನೋಡಬೇಕು. ಕೆಲವು ತಿಂಗಳು ಬಿಟ್ಟು ಮತ್ತೆ ತೂಗಬೇಕು. ಇದೂ ಸ್ಕ್ರೀನಿಂಗ್‌ನ ಭಾಗವೇ.