16 ಇದ್ದರೆ ಗಂಡು ಅನ್ನುವ ಮುಂಚೆ

‘ಜೇನಿನಲ್ಲಿ 32 ವರ್ಣತಂತು ಇದ್ದರೆ ಹೆಣ್ಣು, 16 ಇದ್ದರೆ ಗಂಡು.’ ಜೇನಿನಲ್ಲಿ ಗಂಡು ಹೆಣ್ಣು ತೀರ್ಮಾನವಾಗುವುದು ಹೇಗೆ ಎಂಬ ಎರಡು ಅಂಕದ ಪ್ರಶ್ನೆಗೆ ಪರೀಕ್ಷೆಯಲ್ಲಿ ಹೀಗೆ ಬರೆದೆ, ಒಂದೇ ಅಂಕ ಬಂತು. ಸರ್ ಹತ್ತಿರ ಜಗಳಕ್ಕೆ ಹೋದವನು ಪಾಠ ಕಲಿತು ಬಂದೆ. ಧಾರವಾಡದಲ್ಲಿ ನನ್ನ ಹಾಗೆ ಪ್ರಾಣಿಶಾಸ್ತ್ರ ಓದುವವರಿಗೆ ಈ ಟಿಪ್ಪಣಿ.

ಮೊದಲು ಸುಲಭದ್ದು. ವರ್ಣತಂತು ಅಂದರೆ ಕ್ರೋಮೋಸೋಮ್, ಜೀವಕೋಶದೊಳಗೆ ಜೀನ್‌ಗಳನ್ನು ಹೊತ್ತ ಎಳೆ. ರಾಣಿಗೂ ಕೆಲಸಗಾರ ಜೇನಿಗೂ (ಎರಡೂ ಹೆಣ್ಣೇ) 32. ರಾಣಿ ವೀರ್ಯ ಸೇರಿಸದೆ ಇಟ್ಟ ಮೊಟ್ಟೆಯಿಂದ ಗಂಡು ಹುಟ್ಟುತ್ತದೆ, ಅದಕ್ಕೆ 16. ನಮ್ಮ ತುಡುವೆ, ಹೆಜ್ಜೇನು, ಕೋಲುಜೇನು, ಹೊರಗಿನಿಂದ ಬಂದ ಮೆಲ್ಲಿಫೆರಾ ಎಲ್ಲದರದ್ದೂ ಇದೇ ಲೆಕ್ಕ. ಗಂಡು ಜೇನಿಗೆ ಅಪ್ಪನಿಲ್ಲ, ಆದರೆ ಅಜ್ಜ ಇದ್ದಾನೆ! ಇದನ್ನು ಝೆರ್ಜೋನ್ ಎಂಬ ಪಾದ್ರಿ 1845ರಲ್ಲೇ ಹೇಳಿದ್ದ. ವರ್ಣತಂತು ಅನ್ನುವ ಹೆಸರೇ ಆಗ ಹುಟ್ಟಿರಲಿಲ್ಲ. ಜೇನುಪೆಟ್ಟಿಗೆ ನೋಡಿ ನೋಡಿಯೇ ಕಂಡುಕೊಂಡ.

ವರ್ಣತಂತು ಎಣಿಸುವುದಕ್ಕೆ ಗಂಡಿನ ಕೋಶಾವಸ್ಥೆ (ಪ್ಯೂಪಾ) ಒಳ್ಳೆಯದು. ತುಡುವೆಯ ಎರಿಯಲ್ಲಿ ಗಂಡಿನ ಕೋಣೆ ಗುರುತಿಸುವುದು ಕಷ್ಟವಲ್ಲ: ಮುಚ್ಚಳ ಉಬ್ಬಿರುತ್ತದೆ, ನಡುವೆ ಸೂಜಿ ಚುಚ್ಚಿದಂಥ ಒಂದು ತೂತು. ಮೈ ಬಿಳಿ ಇದ್ದು ಕಣ್ಣಿಗೆ ಗುಲಾಬಿ ಬಣ್ಣ ಬರುವ ಹೊತ್ತಿನದನ್ನು ಆರಿಸಿ ವೃಷಣ ತೆಗೆಯಿರಿ. ಜೀವಕೋಶ ವಿಭಜನೆಯನ್ನು ನಡುವೆ ತಡೆಯಲು ಕಾಲ್ಚಿಸಿನ್ ಬೇಕು. ಮಳೆಗಾಲದಲ್ಲಿ ಬೇಲಿ ಮೇಲೆ ಕೆಂಪು ಹಳದಿಯಾಗಿ ಅರಳುವ ಗೌರಿ ಹೂವಿನ ಗಡ್ಡೆಯಲ್ಲಿರುವ ವಿಷವೂ ಇದೇ. ಆಮೇಲೆ ಶೇ. 1ರ ಸೋಡಿಯಂ ಸಿಟ್ರೇಟ್. ನೆನೆಹಾಕಿದ ಕಡಲೆಯಂತೆ ಜೀವಕೋಶ ನೀರು ಹೀರಿ ಉಬ್ಬುತ್ತದೆ, ಒಳಗಿನ ವರ್ಣತಂತುಗಳು ಬಿಡಿಬಿಡಿಯಾಗುತ್ತವೆ. ಮೂರು ಪಾಲು ಮೆಥನಾಲ್, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ಗಟ್ಟಿ ಮಾಡಿ, ಸ್ಲೈಡಿಗೆ ಹಾಕಿ ಜೀಮ್ಸಾ ಬಣ್ಣ ಕೊಟ್ಟರೆ ಮುಗಿಯಿತು.

ಮುಗಿಯಿತು ಅಂದೆ, ಆದರೆ ನನ್ನ ಮೊದಲ ಸ್ಲೈಡಿನಲ್ಲಿ ಕಂಡದ್ದು ಚೆಲ್ಲಿದ ಚುರಮುರಿ. ಎಣಿಸಿದರೆ 15! ಪುಟ್ಟದೊಂದು ದೊಡ್ಡದರ ಮೇಲೆ ಹತ್ತಿ ಕೂತಿತ್ತು. ಒಂದೇ ಜೀವಕೋಶ ನೋಡಿ ಸಂಖ್ಯೆ ಬರೆಯಬೇಡಿ, ಚೆನ್ನಾಗಿ ಹರಡಿದವನ್ನು ಹುಡುಕಿ ಹತ್ತಿಪ್ಪತ್ತಾದರೂ ಎಣಿಸಿ.

ವೃಷಣದಲ್ಲೇ ಇನ್ನೊಂದು ವಿಚಿತ್ರ ನಡೆಯುತ್ತದೆ. ವೀರ್ಯಾಣು ತಯಾರಾಗುವಾಗ ವರ್ಣತಂತುಗಳನ್ನು ಅರ್ಧಕ್ಕಿಳಿಸುವ ವಿಭಜನೆಗೆ ಮೀಯಾಸಿಸ್ ಅನ್ನುತ್ತಾರೆ. ಗಂಡು ಜೇನಿಗೆ ಇರುವುದೇ 16, ಇನ್ನು ಅರ್ಧ ಮಾಡುವುದೇನನ್ನು? ಅದಕ್ಕೇ ಮೀಯಾಸಿಸ್‌ನ ಮೊದಲ ವಿಭಜನೆ ಹೆಸರಿಗಷ್ಟೇ: ಕೋಶರಸದ ಒಂದು ಮೊಗ್ಗು ಮಾತ್ರ ಹೊರಬೀಳುತ್ತದೆ, ವರ್ಣತಂತುಗಳು ಇದ್ದಲ್ಲೇ ಇರುತ್ತವೆ. ಎರಡು ವಿಭಜನೆ ಮುಗಿದರೂ ಕೆಲಸಕ್ಕೆ ಬರುವ ವೀರ್ಯಾಣು ಒಂದೇ. ನಮ್ಮಲ್ಲಿರುವ ಹಾಗೆ ನಾಲ್ಕು ಎಂದು ಬರೆದರೆ ಅಂಕ ಹೋಯಿತು.

ಈಗ ನನ್ನ ತಪ್ಪಿಗೆ ಬರೋಣ. ಜೇನಿಗೆ ನಮ್ಮ ಹಾಗೆ ಎಕ್ಸ್, ವೈ ಎಂಬ ಲಿಂಗ ವರ್ಣತಂತುಗಳಿಲ್ಲ. ಲಿಂಗ ತೀರ್ಮಾನಿಸುವುದು ಸಿಎಸ್‌ಡಿ ಎಂಬ ಜೀನ್. 2003ರಲ್ಲಿ ಅದನ್ನು ಗುರುತಿಸಿದರು, ಮೆಲ್ಲಿಫೆರಾದಲ್ಲಿ ಅದು 3ನೇ ವರ್ಣತಂತುವಿನ ಮೇಲಿದೆ. ಅದರ ಎರಡು ಪ್ರತಿಗಳು ಬೇರೆಬೇರೆ ಬಗೆಯವಾದರೆ ಹೆಣ್ಣು. ಒಂದೇ ಪ್ರತಿ ಇದ್ದರೆ ಗಂಡು. ಎರಡಿದ್ದೂ ಎರಡೂ ಒಂದೇ ಬಗೆಯವಾದರೆ? ಅದೂ ಗಂಡೇ, 32 ವರ್ಣತಂತು ಇರುವ ಗಂಡು. ಸರ್ ಕತ್ತರಿಸಿದ ಆ ಒಂದು ಅಂಕ ಇದರದ್ದೇ. ಇಂಥ ಮರಿಗಳು ಪೆಟ್ಟಿಗೆಯಲ್ಲಿ ಬದುಕುವುದಿಲ್ಲ. ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಕೆಲಸಗಾರ ಜೇನುಗಳು ಅವನ್ನು ತಿಂದುಬಿಡುತ್ತವೆ. 1963ರಲ್ಲಿ ಪೋಲೆಂಡಿನ ವಿಜ್ಞಾನಿ ವೊಯ್ಕೆ ಇದನ್ನು ತೋರಿಸಿದರು. ತನ್ನದೇ ಬಗೆಯ ಪ್ರತಿ ಇರುವ ಒಂದೇ ಗಂಡಿನೊಡನೆ ರಾಣಿ ಕೂಡಿದರೆ ವೀರ್ಯ ಸೇರಿದ ಮೊಟ್ಟೆಗಳಲ್ಲಿ ಅರ್ಧ ಹೀಗೆ ಹಾಳು. ಹಲವು ಗಂಡುಗಳೊಡನೆ ಕೂಡುವುದರಿಂದ ನಷ್ಟ ಹಂಚಿಹೋಗುತ್ತದೆ.

ಗದಗ ಕಡೆ ಸೂರ್ಯಕಾಂತಿ ಹೊಲದಲ್ಲಿ ಪೆಟ್ಟಿಗೆ ಇಟ್ಟಿರುವ ಗೆಳೆಯನ ಕಾಕಾ ಮೊನ್ನೆ ಎರಿ ಎತ್ತಿ ತೋರಿಸಿದರು. ಮುಚ್ಚಿದ ಕೋಣೆಗಳ ನಡುವೆ ಅಲ್ಲಲ್ಲಿ ಖಾಲಿ. “ರಾಣಿಗೆ ವಯಸ್ಸಾಗೇದ ನೋಡ್” ಅಂದರು. ಇರಬಹುದು, ರೋಗವೂ ಇರಬಹುದು. ಆದರೆ ಅವರ ಪೆಟ್ಟಿಗೆಗಳೆಲ್ಲ ಒಂದೇ ಜೇನುಹುಟ್ಟಿನಿಂದ ಒಡೆದು ಮಾಡಿದವು. ರಾಣಿಗೂ ಗಂಡಿಗೂ ಒಂದೇ ಬಗೆಯ ಪ್ರತಿ ಇದ್ದು, ಮರಿಗಳನ್ನು ಕೆಲಸಗಾರ ಜೇನುಗಳು ತಿಂದು ಕೋಣೆ ಖಾಲಿಯಾಗಿರಲೂಬಹುದು. ಹೊಸ ರಾಣಿ ತರುವುದಾದರೆ ಬೇರೆ ಊರಿನಿಂದ ತನ್ನಿ ಕಾಕಾ ಅಂತ ಹೇಳಿ ಬಂದೆ.