ಜರ್ಮನಿಗೆ ಹೊರಟ ಮನೆಯಲ್ಲಿ ಇಬ್ಬರೂ ಭಾಷೆ ಕಲಿಯಲಿ

ಜರ್ಮನಿಯಲ್ಲಿ ಕೆಲಸ ಸಿಕ್ಕಿ ಜಯನಗರದ ನಮ್ಮ ಕಚೇರಿಗೆ ಬರುವ ದಂಪತಿಗಳು ಮೊದಲು ಕೇಳುವುದು ವೀಸಾ ಬಗ್ಗೆ. ಆಮೇಲೆ ಮನೆ, ಮಕ್ಕಳ ಶಾಲೆ, ಕುಕ್ಕರ್ ತಗೊಂಡು ಹೋಗಬಹುದಾ ಅನ್ನುವುದು. ಭಾಷೆಯ ಮಾತು ಬರುವುದು ಎಲ್ಲ ಮುಗಿದ ಮೇಲೆ. ಅದೂ ಹೀಗೆ: "ಬ್ಲೂ ಕಾರ್ಡ್ ಅಲ್ವಾ ಮೇಡಂ, ಜೊತೆಗೆ ಬರೋರಿಗೆ ಜರ್ಮನ್ ಪರೀಕ್ಷೆ ಬೇಕಾಗಿಲ್ಲವಂತೆ."

ಬೇಕಾಗಿಲ್ಲ, ನಿಜ. ಬ್ಲೂ ಕಾರ್ಡ್ ಅಂದರೆ ಹೆಚ್ಚು ಓದಿದ ವಿದೇಶಿ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ. ಅದು ಇರುವವರ ಗಂಡ ಅಥವಾ ಹೆಂಡತಿ ಎ1, ಅಂದರೆ ಜರ್ಮನ್‌ನ ಮೊದಲ ಹಂತದ ಪರೀಕ್ಷೆ ಪಾಸಾಗದೆಯೂ ಕುಟುಂಬ ವೀಸಾದಲ್ಲಿ ಹೋಗಬಹುದು. ಅಲ್ಲಿ ಯಾವ ಕೆಲಸ ಬೇಕಾದರೂ ಮಾಡಬಹುದು. ಕಾನೂನು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ ರಿಯಾಯಿತಿ ಇದು. ಆದರೆ ಹೋದ ಮೇಲೆ ಜಾಸ್ತಿ ಕಷ್ಟಪಡುವವರು ಈ ರಿಯಾಯಿತಿ ಬಳಸಿಕೊಂಡವರೇ. ಇಷ್ಟು ವರ್ಷ ಈ ಕೆಲಸ ಮಾಡಿ ನನಗೆ ಖಚಿತವಾಗಿರುವ ಒಂದು ವಿಷಯ ಇದ್ದರೆ ಅದು ಇದೇ.

ಯಾಕೆ ಅಂದರೆ, ಕೆಲಸಕ್ಕೆ ಹೋಗುವವರ ದಿನ ಇಂಗ್ಲಿಷಿನಲ್ಲೇ ಕಳೆಯುತ್ತದೆ. ಜರ್ಮನಿಯ ವಾಲ್ಡೋರ್ಫ್‌ನ ಸಾಫ್ಟ್‌ವೇರ್ ಕಚೇರಿಗೂ ವೈಟ್‌ಫೀಲ್ಡಿನದ್ದಕ್ಕೂ ಮಾತಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಮನೆಯಲ್ಲಿರುವವರ ದಿನ ಮಾತ್ರ ಜರ್ಮನ್‌ನಲ್ಲಿ ನಡೆಯುತ್ತದೆ. ಮಕ್ಕಳ ಡಾಕ್ಟರ ಕ್ಲಿನಿಕ್‌ಗೆ ಫೋನ್ ಮಾಡಬೇಕು, ಅಲ್ಲಿ ಫೋನ್ ಎತ್ತುವವರು ಜರ್ಮನ್‌ನಲ್ಲೇ ಶುರು ಮಾಡುತ್ತಾರೆ. ರಾತ್ರಿ ಮಗುವಿಗೆ ಜ್ವರ ಬಂದರೆ ಡಾಕ್ಟರ ಸಹಾಯವಾಣಿ 116117ಕ್ಕೆ ಕರೆ ಮಾಡಿ ವಿವರಿಸಬೇಕು. ಒಂದು ವರ್ಷ ತುಂಬಿದ ಮಗುವಿಗೆ ಕಿಟಾ, ಅಂದರೆ ಶಿಶುವಿಹಾರದ ಜಾಗ ಕಾನೂನಿನ ಹಕ್ಕು. ಆದರೆ ಜಾಗ ತಾನಾಗಿ ಬರುವುದಿಲ್ಲ. ಅರ್ಜಿ ಹಾಕಬೇಕು, ಮತ್ತೆ ಮತ್ತೆ ವಿಚಾರಿಸಬೇಕು, ಹೋಗಿ ಮಾತಾಡಿಸಬೇಕು. ಇದನ್ನೆಲ್ಲ ಮಾಡುವುದು ಪರೀಕ್ಷೆಯೇ ಬೇಡ ಅಂತ ಹೊರಟವರು. ಬೆಂಗಳೂರಿನಲ್ಲಿ ಹತ್ತು ಜನರ ತಂಡ ನಡೆಸಿದ ಹೆಣ್ಣುಮಕ್ಕಳು ಅಲ್ಲಿ ಒಂದು ಫೋನ್ ಮಾಡಲು ಸಂಜೆ ಗಂಡ ಬರುವ ತನಕ ಕಾಯುವುದನ್ನು ಕೇಳಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಅದಕ್ಕೇ ನಾನು ಹೇಳುವುದು: ಆಫರ್ ಲೆಟರ್ ಬಂದ ವಾರವೇ ಇಬ್ಬರೂ ಕ್ಲಾಸಿಗೆ ಸೇರಿ. ಇಂದಿರಾನಗರದ ಸಿ.ಎಂ.ಎಚ್. ರಸ್ತೆಯಲ್ಲಿ ಮ್ಯಾಕ್ಸ್ ಮುಲ್ಲರ್ ಭವನ, ಅಂದರೆ ಜರ್ಮನ್ ಕಲಿಸುವ ಗೊಯ್ಟೆ ಸಂಸ್ಥೆಯ ಶಾಖೆ ಇದೆ. ಆನ್‌ಲೈನ್ ತರಗತಿಗಳೂ ಬೇಕಾದಷ್ಟಿವೆ. ಹೊರಡುವ ಹೊತ್ತಿಗೆ ಎ1 ಮುಗಿಸಿದರೂ ಸಾಕು, ಅಲ್ಲಿ ಹೋಗಿ ಮುಂದುವರಿಸುವ ಧೈರ್ಯ ಬರುತ್ತದೆ. ಕೆಲಸಕ್ಕೆ ಹೋಗುವವರಿಗೂ ಇದರಿಂದ ನೇರ ಲಾಭ ಇದೆ. ಬ್ಲೂ ಕಾರ್ಡ್ ಇರುವವರಿಗೆ ಎ1 ಮಟ್ಟದ ಭಾಷೆ ಬಂದರೆ 27 ತಿಂಗಳಿಗೆ ಕಾಯಂ ವಾಸದ ಪರವಾನಗಿ ಸಿಗಬಹುದು, ಮೂರನೇ ಹಂತವಾದ ಬಿ1 ಇದ್ದರೆ 21 ತಿಂಗಳಿಗೇ. ಗೊಯ್ಟೆ ಸಂಸ್ಥೆಯ ಬಿ1 ಪರೀಕ್ಷೆಯಲ್ಲಿ ಓದು, ಆಲಿಕೆ, ಬರವಣಿಗೆ, ಮಾತು ಅಂತ ನಾಲ್ಕು ಭಾಗ. ಒಂದೊಂದನ್ನೇ ಬೇರೆ ಬೇರೆಯಾಗಿ ಬರೆದು ಪಾಸಾಗಬಹುದು. ಪ್ರತಿಯೊಂದರಲ್ಲೂ ನೂರಕ್ಕೆ 60 ಬೇಕು. ಮಕ್ಕಳನ್ನು ನೋಡಿಕೊಂಡು ಓದುವವರಿಗೆ ಇದು ದೊಡ್ಡ ಅನುಕೂಲ.

ಇನ್ನೊಂದು ಮಾತು. ಜರ್ಮನ್ ಕಲಿಯುವಾಗ ಇಂಗ್ಲಿಷಿನ ಮೂಲಕ ಹೋಗಬೇಡಿ, ಕನ್ನಡದ ಮೂಲಕ ಹೋಗಿ. ಇಂಗ್ಲಿಷಿನಲ್ಲಿ ಇಲ್ಲದ ನೀನು–ನೀವು ಭೇದ ಜರ್ಮನ್‌ನಲ್ಲಿ ಇದೆ. ಗುಮಾಸ್ತರಿಗೆ, ಮನೆ ಮಾಲೀಕರಿಗೆ 'ನೀವು' ಅನ್ನುವುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಅಂದರೆ ಇಂಗ್ಲಿಷಿನವರು ಗಾಬರಿಯಾಗುತ್ತಾರೆ. ನಮಗೆ ಅದು ದಿನದ ಅಭ್ಯಾಸ. ಶಾಲೆಯಲ್ಲಿ ವಿಭಕ್ತಿ ಬಾಯಿಪಾಠ ಮಾಡಿದವರಿಗೆ ಜರ್ಮನ್‌ನ ನಾಲ್ಕು ವಿಭಕ್ತಿ ಹೊಸದೇನಲ್ಲ. ತೊಡಕು ಇರುವುದು ಲಿಂಗದಲ್ಲಿ. ನಮ್ಮಲ್ಲಿ ಲಿಂಗ ಅರ್ಥದ ಹಿಂದೆ ಹೋಗುತ್ತದೆ, ಅಲ್ಲಿ ಮೇಜು ಪುಲ್ಲಿಂಗ, ಹುಡುಗಿ ನಪುಂಸಕ. ಪ್ರತಿ ಪದವನ್ನೂ ಅದರ ಲಿಂಗದ ಜೊತೆಗೇ ಕಲಿಯಬೇಕು, ಬೇರೆ ದಾರಿ ಇಲ್ಲ. ಅಂಕಿಗಳನ್ನೂ ಚೆನ್ನಾಗಿ ಅಭ್ಯಾಸ ಮಾಡಿ. ಇಪ್ಪತ್ತನಾಲ್ಕನ್ನು ಅವರು ನಾಲ್ಕು-ಮತ್ತು-ಇಪ್ಪತ್ತು ಅನ್ನುತ್ತಾರೆ. ಫೋನ್ ನಂಬರ್ ಬರೆದುಕೊಳ್ಳುವಾಗ ಎಡವುವುದು ಇಲ್ಲೇ.

ಈಗ ಕಾಗದಪತ್ರಕ್ಕೆ ಬರೋಣ. ಇಲ್ಲಿ ಭಾಷೆಗಿಂತ ಮುಖ್ಯ ಹೆಸರು.

ನಮ್ಮ ಕಡೆ ಸರ್‌ನೇಮ್ ಇಲ್ಲದವರೇ ಬಹಳ. ಊರಿನ ಹೆಸರು, ಅಪ್ಪನ ಹೆಸರು ಎರಡಕ್ಷರ ಇನಿಷಿಯಲ್ ಆಗಿರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎಚ್.ಆರ್. ಮಂಜುನಾಥ, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಮೂರು ಪದ, ಪದವಿ ಪತ್ರದಲ್ಲಿ ಮತ್ತೊಂದು ಸ್ಪೆಲ್ಲಿಂಗ್. ಹೆಂಗಸರಿಗೆ ಮದುವೆಗೆ ಮುಂಚೆ ಅಪ್ಪನ ಇನಿಷಿಯಲ್, ಆಮೇಲೆ ಗಂಡನದ್ದು. ಇಲ್ಲಿ ನಾವು ನೋಟರಿಯ ಅಫಿಡವಿಟ್ ಒಂದರಿಂದ ಸುಧಾರಿಸಿಬಿಡುತ್ತೇವೆ. ಅಲ್ಲಿನ ಗುಮಾಸ್ತರಿಗೆ ಮೂರು ಕಾಗದದಲ್ಲಿ ಮೂರು ಹೆಸರು ಕಂಡರೆ ಮೂರು ಜನ ಕಾಣುತ್ತಾರೆ. ಪಾಸ್‌ಪೋರ್ಟಿನ ಹೆಸರನ್ನೇ ಆಧಾರವಾಗಿ ಇಟ್ಟುಕೊಳ್ಳಿ. ಮದುವೆ ಪತ್ರ, ಮಕ್ಕಳ ಜನನ ಪತ್ರ ಅದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಕಲ್ಯಾಣ ಮಂಟಪದವರು ಕೊಟ್ಟ ರಸೀದಿ ಮದುವೆಯ ದಾಖಲೆ ಅಲ್ಲ, ಸಬ್‌ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಬೇಕು. ತಿದ್ದುವ ಕೆಲಸ ಊರಲ್ಲೇ ಮುಗಿಸಿ. ಅಲ್ಲಿಂದ ಮಾಡಿಸುವುದು ಬಹಳ ಕಷ್ಟ.

ಅಲ್ಲಿ ಇಳಿದ ಮೇಲೆ ಎಲ್ಲಕ್ಕೂ ಮೂಲ ಒಂದೇ, ವಿಳಾಸದ ನೋಂದಣಿ. ಅದನ್ನು ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಸೇರಿದ ಎರಡು ವಾರದೊಳಗೆ ಮಾಡಬೇಕು ಅನ್ನುತ್ತದೆ ಕಾನೂನು. ದೊಡ್ಡ ಊರುಗಳಲ್ಲಿ ಅಷ್ಟರಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಬುಕ್ ಮಾಡಿದ ದಾಖಲೆ ಇಟ್ಟುಕೊಳ್ಳಿ. ನೋಂದಣಿಗೆ ಮನೆ ಕೊಟ್ಟವರ ಸಹಿ ಇರುವ ಪತ್ರ ಬೇಕು. ಕಂಪನಿ ಮೊದಲ ತಿಂಗಳಿಗೆ ಕೊಡುವ ಸರ್ವಿಸ್ ಅಪಾರ್ಟ್‌ಮೆಂಟಿನವರು ಕೆಲವೊಮ್ಮೆ ಈ ಪತ್ರ ಕೊಡುವುದಿಲ್ಲ. ಕೊಡುತ್ತಾರಾ ಅಂತ ಬೆಂಗಳೂರಿನಿಂದಲೇ ಕಂಪನಿಯ ಎಚ್.ಆರ್. ವಿಭಾಗದವರ ಹತ್ತಿರ ಬರವಣಿಗೆಯಲ್ಲಿ ಕೇಳಿ. ಈ ಒಂದು ಪ್ರಶ್ನೆ ಎಷ್ಟೋ ವಾರಗಳ ಅಲೆದಾಟ ಉಳಿಸುತ್ತದೆ.

ನೋಂದಣಿ ಆದ ಮೇಲೆ ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಇಲ್ಲಿ ಮತ್ತೆ ಹೆಸರಿನ ವಿಷಯ. ಜರ್ಮನ್ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರುವುದಿಲ್ಲ. ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಹಾಕುತ್ತಾರೆ. ಪೆಟ್ಟಿಗೆಯ ಮೇಲೆ ಹಳೆಯ ಬಾಡಿಗೆದಾರರ ಹೆಸರೇ ಇದ್ದರೆ, ಅಥವಾ ಸುಮ್ನೆ 'ಮಂಜು' ಅಂತ ಬರೆದಿದ್ದರೆ ಕಾಗದ ವಾಪಸ್ ಹೋಗುತ್ತದೆ. ಆ ಸಂಖ್ಯೆ ಸಿಗದೆ ತಡವಾದರೆ ಸಂಬಳದಿಂದ ತೆರಿಗೆ ಜಾಸ್ತಿ ಹಿಡಿಯುವ ಸಾಧ್ಯತೆ ಇದೆ. ಮನೆಯ ಕೀ ಸಿಕ್ಕ ದಿನವೇ ಪಾಸ್‌ಪೋರ್ಟಿನಲ್ಲಿರುವಂತೆ ಇಬ್ಬರ ಹೆಸರನ್ನೂ ಪೆಟ್ಟಿಗೆಗೆ ಅಂಟಿಸಿ.

ಬಾಡಿಗೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಅಲ್ಲಿ ಕೇಳುವ ಹಾಗಿಲ್ಲ, ಮೂಲ ಬಾಡಿಗೆಯ ಮೂರು ಪಟ್ಟು ಮಿತಿ. ಆದರೆ ಅಡುಗೆಮನೆಯೇ ಜೋಡಿಸಿರದ ಮನೆಗಳು ಬಹಳ, ಒಪ್ಪಂದಕ್ಕೆ ಮುಂಚೆ ಕೇಳಿ. ನಮ್ಮ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ನೆಲೆಸಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಲಿಖಿತ, ಚಾಲನಾ ಪರೀಕ್ಷೆ ಎರಡೂ ಬರೆಯಲೇಬೇಕು. ಇಲ್ಲಿಂದ ವಿಮಾನ ಶನಿವಾರ ಸಂಜೆ ತಲುಪುವ ಹಾಗೆ ಬುಕ್ ಮಾಡಬೇಡಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಮಕ್ಕಳಿಗೆ ಹಾಲು ತರಲು ರೈಲು ನಿಲ್ದಾಣ ಹುಡುಕಬೇಕಾಗುತ್ತದೆ.

ಕಾರು ಇಲ್ಲದಿದ್ದರೂ ವಾರಾಂತ್ಯಕ್ಕೆ ಕೊರತೆ ಇಲ್ಲ. ಡಾಯ್ಚ್‌ಲಾಂಡ್ ಟಿಕೆಟ್ 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ದೇಶದ ಎಲ್ಲ ಊರುಗಳ ಬಸ್ಸು, ಟ್ರಾಮು, ಪ್ರಾದೇಶಿಕ ರೈಲು ಇದರಲ್ಲಿ ಬರುತ್ತವೆ. ಐಸಿಇಯಂಥ ವೇಗದ ರೈಲುಗಳು ಬರುವುದಿಲ್ಲ. ಇದು ತಾನಾಗಿ ಮುಂದುವರಿಯುವ ಚಂದಾ. ಬೇಡ ಅಂದರೆ ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. ಮ್ಯೂನಿಕ್‌ನಲ್ಲಿರುವವರು ಇದೇ ಟಿಕೆಟ್‌ನಲ್ಲಿ ಗಡಿ ದಾಟಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ವರೆಗೆ ಹೋಗಿ ಬರಬಹುದು. ಸ್ಟುಟ್‌ಗಾರ್ಟ್‌ನವರಿಗೆ ನಾನು ಹೇಳುವುದು ಟ್ಯೂಬಿಂಗನ್, ರೈಲಿನಲ್ಲಿ ಸುಮಾರು ಒಂದು ತಾಸು. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಕಿಟ್ಟೆಲ್ ಕೊನೆಯುಸಿರೆಳೆದದ್ದು ಅಲ್ಲಿ. ಮೇಯೋ ಹಾಲ್ ಹತ್ತಿರ ಅವರ ಪ್ರತಿಮೆ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಆ ಊರನ್ನು ತೋರಿಸಲೇಬೇಕು. 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದ ಮೋಗ್ಲಿಂಗ್ ತೀರಿಕೊಂಡದ್ದು ಸ್ಟುಟ್‌ಗಾರ್ಟ್‌ಗೆ ತಾಗಿಕೊಂಡಂತಿರುವ ಎಸ್ಲಿಂಗನ್‌ನಲ್ಲಿ. ಒಂದೇ ದಿನದಲ್ಲಿ ಎರಡೂ ಊರು ನೋಡಬಹುದು.

ಬೇರೆ ದೇಶಕ್ಕೆ ಹೋಗುವಾಗ ಪಾಸ್‌ಪೋರ್ಟ್, ವಾಸದ ಕಾರ್ಡ್ ಎರಡೂ ಕೈಯಲ್ಲಿರಲಿ. ಕಾರ್ಡ್ ಇದ್ದರೆ ಬೇರೆ ಷೆಂಗನ್ ದೇಶಗಳಲ್ಲಿ, ಅಂದರೆ ಒಂದೇ ವೀಸಾ ನಡೆಯುವ ಯೂರೋಪಿನ ದೇಶಗಳಲ್ಲಿ, 180 ದಿನಗಳಲ್ಲಿ 90 ದಿನ ಇರಬಹುದು. ಸ್ವಿಟ್ಜರ್‌ಲೆಂಡ್ ಇದರಲ್ಲಿ ಸೇರುತ್ತದೆ, ಲಂಡನ್ ಮತ್ತು ಡಬ್ಲಿನ್ ಸೇರುವುದಿಲ್ಲ. ಕಾರ್ಡ್ ನವೀಕರಣಕ್ಕೆ ಕೊಟ್ಟಿರುವಾಗ ಮಧ್ಯಂತರ ಪತ್ರ ಕೊಡುತ್ತಾರೆ. ಅದರಲ್ಲಿ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ನೋಡಿ. ಹಳೆಯ ಪರವಾನಗಿ ಮುಂದುವರಿದಿದೆ ಅನ್ನುವ ಮೂರನೇ ಚೌಕಕ್ಕೆ ಗುರುತು ಇಲ್ಲದಿದ್ದರೆ ದೇಶ ಬಿಟ್ಟು ಹೊರಡಬೇಡಿ, ಮೊದಲು ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಕೇಳಿ.

ಅಪ್ಪ-ಅಮ್ಮನನ್ನು ಬೇಸಿಗೆಗೆ ಕರೆಸಿಕೊಳ್ಳುವವರಿಗೂ ಒಂದು ಮಾತು. ಷೆಂಗನ್ ವೀಸಾಗೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಖರ್ಚು ಮಕ್ಕಳು ನೋಡಿಕೊಳ್ಳುವುದಾದರೆ ಅದಕ್ಕೆ ಮುಚ್ಚಳಿಕೆ ಪತ್ರವನ್ನು ಅಲ್ಲಿನ ವಿದೇಶಿಯರ ಕಚೇರಿಯಿಂದ ಮಾಡಿಸಿ, ಮೂಲ ಪ್ರತಿಯನ್ನೇ ಬೆಂಗಳೂರಿಗೆ ಕಳಿಸಬೇಕು. ಆ ಕಚೇರಿಯ ಅಪಾಯಿಂಟ್‌ಮೆಂಟ್‌ಗೇ ವಾರಗಟ್ಟಲೆ ಹಿಡಿಯಬಹುದು. ಹಾಗಾಗಿ ಮೇ ತಿಂಗಳಿಗೆ ಬರುವವರ ಕೆಲಸವನ್ನು ಡಿಸೆಂಬರಿನಲ್ಲೇ ಶುರು ಮಾಡಿ.